ರಾಜೇಶ್ವರಿ ಚಟರ್ಜಿ ಅವರ ನೆನಪಿನಲ್ಲಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ರಾಜೇಶ್ವರಿ ಚಟರ್ಜಿ ಅವರನ್ನು ನೆನೆಯುತ್ತಿದ್ದೇವೆ. ಹೆಸರು ಬಂಗಾಳಿಯಂತೆ ಕಂಡರೂ ಅವರು ನಮ್ಮ ನಾಡಿನ ಮಗಳೇ. ಆ ಹೆಸರು ಮದುವೆಯಿಂದ ಬಂದದ್ದು.

ಅವರು ಹುಟ್ಟಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರನ್ನೂ ಗಂಡ ಬಿಟ್ಟವರನ್ನೂ ಓದಿಸುವ ಕೆಲಸಕ್ಕೆ ನಿಂತ ಹೆಂಗಸು. ಮೊಮ್ಮಗಳ ಓದು ಶುರುವಾದದ್ದು ಈ ಅಜ್ಜಿ ದುಡಿದು ಕಟ್ಟಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾದರು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಅಂದರೆ ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರಲ್ಲ, ಅದನ್ನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು.

1946ರಲ್ಲಿ ವಿದೇಶದಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1947ರ ಜುಲೈಯಲ್ಲಿ ಹಡಗು ಹತ್ತಿದರು. ಯುದ್ಧದ ಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗು ಅದು. ಅಮೆರಿಕ ಮುಟ್ಟಲು ಮೂವತ್ತು ದಿನ. ವಯಸ್ಸು ಇಪ್ಪತ್ತೈದು, ಮದುವೆಯಾಗಿರಲಿಲ್ಲ. ಫೋನಿಲ್ಲ, ಏನಿದ್ದರೂ ಕಾಗದವೇ. ತಾಯಂದಿರೇ, ಮಗಳನ್ನು ಹಾಸನದ ಹಾಸ್ಟೆಲಿಗೆ ಬಿಡುವುದು ಹೇಗೆ ಎಂದು ನೀವು ನಮ್ಮನ್ನು ಕೇಳುತ್ತೀರಿ. ಆ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಅಂದು ಅವರ ಮನೆಯವರಿಗೂ ಭಯ ಇದ್ದೇ ಇದ್ದೀತು. ಆದರೂ ಕಳಿಸಿಕೊಟ್ಟರು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಮುಗಿಸಿ, 1949ರಲ್ಲಿ ವಾಷಿಂಗ್ಟನ್‌ನಲ್ಲಿ ರೇಡಿಯೊ ತರಂಗಗಳನ್ನು ಅಳೆಯುವ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ ಪಡೆದರು. ಪಿಎಚ್.ಡಿ.ಗೆ ಕೈಹಿಡಿದದ್ದು ಬಾರ್ಬರ್ ವಿದ್ಯಾರ್ಥಿವೇತನ. ದಾನಿಗಳು ಇಲ್ಲಿ ಸ್ವಲ್ಪ ಗಮನಿಸಬೇಕು. ಲೆವಿ ಬಾರ್ಬರ್ ಎಂಬ ಡೆಟ್ರಾಯಿಟ್‌ನ ವಕೀಲರೊಬ್ಬರು ಏಷ್ಯಾದ ಹೆಣ್ಣುಮಕ್ಕಳು ಓದಲೆಂದು 1917ರಲ್ಲಿ ಆ ನಿಧಿಯನ್ನು ಇಟ್ಟರು. 1925ರಲ್ಲಿ ತೀರಿಕೊಂಡರು. ಆಗ ರಾಜೇಶ್ವರಿಯವರಿಗೆ ಮೂರು ವರ್ಷ. ತಮ್ಮ ಹಣದಿಂದ ಓದಿದ ಈ ಹುಡುಗಿಯ ಹೆಸರನ್ನೂ ಅವರು ಕೇಳಲಿಲ್ಲ.

ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿಗೇ ಹಿಂದಿರುಗಿ, ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಅದೇ ವರ್ಷ ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ನಮ್ಮ ದೇಶದಲ್ಲಿ ಆ ಸಂಶೋಧನೆಗೆ ಬುನಾದಿ ಬಿದ್ದದ್ದು ಹಾಗೆ.

ಮೈಕ್ರೋವೇವ್ ಎಂದರೆ ಅಡುಗೆಮನೆಯ ಪೆಟ್ಟಿಗೆ ಮಾತ್ರ ಅಲ್ಲ ಮಕ್ಕಳೇ. ನಮ್ಮ ಗುಡ್ಡದ ಕಡೆ ಫೋನಿಗೆ ಸಿಗ್ನಲ್ ಬೇಕಾದರೆ ಮನೆಯಿಂದ ಹೊರಟು ರಸ್ತೆಯ ತಿರುವಿಗೆ ಬಂದು ನಿಲ್ಲುತ್ತೀರಲ್ಲ, ಏಕೆ? ಹಿಂದಿನ ಮೀಡಿಯಂ ವೇವ್ ರೇಡಿಯೊ ಅಲೆ ನೂರಾರು ಮೀಟರ್ ಉದ್ದ. ಗುಡ್ಡವನ್ನು ಬಳಸಿಕೊಂಡು ಬರುತ್ತಿತ್ತು. ಫೋನಿನ ಅಲೆ ಹೆಚ್ಚುಕಡಿಮೆ ಒಂದು ಗೇಣು. ಬೆಳಕಿನ ಹಾಗೆ ಬಹುಪಾಲು ನೇರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಹಿಂದೆಲ್ಲ ನೆರಳು. ಇಂಥ ಅಲೆಗಳನ್ನು ಬೇಕಾದ ಕಡೆಗೆ ತಿರುಗಿಸುವ, ದೂರದಿಂದ ಬಂದದ್ದನ್ನು ಹಿಡಿಯುವ ಸಾಧನವೇ ಆಂಟೆನಾ. ರಾಜೇಶ್ವರಿಯವರು ಜೀವಮಾನವಿಡೀ ಅಭ್ಯಾಸ ಮಾಡಿದ್ದು ಇದನ್ನೇ. ಲೋಹದ ಬದಲು ವಿದ್ಯುತ್ ಹರಿಯದ ವಸ್ತುಗಳಿಂದ ಆಂಟೆನಾ ಮಾಡುವ ಬಗೆಯ ಮೇಲೂ ಪುಸ್ತಕ ಬರೆದಿದ್ದಾರೆ. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರು ಇಪ್ಪತ್ತು ಮಂದಿ. ಮೇಷ್ಟರಾಗಿದ್ದ ನಮಗೆ ಆ ಇಪ್ಪತ್ತೇ ದೊಡ್ಡದಾಗಿ ಕಾಣುತ್ತದೆ.

ಅವರು ನಿವೃತ್ತರಾದದ್ದು 1982ರಲ್ಲಿ. ಅದೇ ವರ್ಷ ನಮ್ಮ ಹಾಸನದಲ್ಲಿ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರ ಆರಂಭವಾಯಿತು. ಅಲ್ಲಿನ ದೊಡ್ಡ ದೊಡ್ಡ ಡಿಶ್‌ಗಳು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಜೊತೆ ಮಾತಾಡುವುದು ಇದೇ ಅಲೆಗಳಿಂದ. ನಿವೃತ್ತಿಯ ನಂತರ ರಾಜೇಶ್ವರಿಯವರು ಅಜ್ಜಿಯ ದಾರಿ ಹಿಡಿದು ಹೆಣ್ಣುಮಕ್ಕಳ ಕೆಲಸಕ್ಕೆ ಇಳಿದರು. ಮಹಿಳಾ ಅಧ್ಯಯನ ಸಂಘದಲ್ಲಿ ದುಡಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.

ಇನ್ನೊಂದು ಮಾತನ್ನು ಹೇಳದೆ ಕೂರುವುದು ಸರಿಯಲ್ಲ. ಬಹಳ ವರ್ಷದ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಗಣಿತದಲ್ಲಿ ಗಂಡುಹುಡುಗರೆಲ್ಲ ಅವಳ ಹಿಂದೆ. ತಂದೆ ತೋಟದ ಕೆಲಸದವರು. ಹತ್ತನೇ ತರಗತಿ ಮುಗಿದ ಮೇಲೆ ಅವರು ನಮ್ಮ ಮನೆಗೇ ಬಂದು, "ಸಾರ್, ಮುಂದೆ ಏನು ಓದಿಸಲಿ?" ಎಂದು ಕೇಳಿದರು. ಸೈನ್ಸ್ ಓದಬೇಕಾದರೆ ದೂರ ಹೋಗಬೇಕು, ಮಳೆಗಾಲ, ಬಸ್ಸು ಸರಿಯಿಲ್ಲ, ಖರ್ಚು ಬೇರೆ. ಇಷ್ಟು ಓದಿದ್ದು ಸಾಕಲ್ಲವೇ ಎಂದುಬಿಟ್ಟೆವು. ಅವರು ತಲೆಯಾಡಿಸಿ ಹೋದರು. ಮೇಷ್ಟರೇ ಹೇಳಿದ ಮೇಲೆ ಇನ್ನೇನು?

ಈ ವರ್ಷ ಅರ್ಜಿಗಳನ್ನು ಪರಿಶೀಲಿಸುವಾಗ ಒಂದು ಅರ್ಜಿಯಲ್ಲಿ ಆ ಹೆಸರು ಕಂಡಿತು. ತಾಯಿಯ ಹೆಸರಿನ ಜಾಗದಲ್ಲಿ. ವಿದ್ಯಾರ್ಹತೆ: ಹತ್ತನೇ ತರಗತಿ. ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ಗೆ ಸಹಾಯ ಕೇಳಿದ್ದಾಳೆ. ನಾವು ಏನೂ ಶಿಫಾರಸು ಮಾಡಲಿಲ್ಲ, ಬೇಕಾಗಲೂ ಇಲ್ಲ, ಅಂಕಗಳೇ ಸಾಕಾಗಿದ್ದವು. ಆ ತಾಯಿ ಈ ಸಭೆಯಲ್ಲಿ ಕೂತಿದ್ದರೆ, ಅಂದು ನಾವು ಕೊಟ್ಟ ಸಲಹೆ ತಪ್ಪಾಗಿತ್ತಮ್ಮ.

ದಾನಿಗಳಲ್ಲಿ ಒಂದು ಕೋರಿಕೆ. ಕಾಲೇಜು ಫೀಸಿಗೆ ಕೊಡುವವರಿದ್ದಾರೆ, ಹಾಸ್ಟೆಲ್ ಮುಂಗಡಕ್ಕೆ ಮತ್ತು ಬಸ್ ಪಾಸಿಗೆ ಕೇಳಿದರೆ ಕೈ ಸ್ವಲ್ಪ ಹಿಂದೆ ಹೋಗುತ್ತದೆ. ಹುಡುಗಿಯರ ಓದು ನಿಲ್ಲುವುದು ಬಹಳ ಸಲ ಆ ಸಣ್ಣ ಮೊತ್ತದಲ್ಲಿ. ಅದಕ್ಕೆಂದೇ ಕೊಡುವವರು ರಸೀದಿಯ ಮೇಲೆ ಹಾಗೆಂದು ಬರೆಸಿ.

ಪೋಷಕರೇ, ಮುಂದಿನ ಸಾಲಿನ ಅರ್ಜಿ ಕಛೇರಿಯಲ್ಲಿ ಸಿಗುತ್ತದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ತನ್ನಿ. ತುಂಬಲು ಬಾರದಿದ್ದರೆ ನಾಚಿಕೊಳ್ಳಬೇಡಿ. ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ ನಾವು ಇಲ್ಲೇ ಕುಳಿತಿರುತ್ತೇವೆ, ಕನ್ನಡಕ ಮತ್ತು ಪೆನ್ನಿನ ಸಮೇತ. ಮಗಳನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಏನು ಓದಬೇಕೆಂದಿದ್ದಾಳೆ ಎಂದು ಈ ಸಲ ಅವಳನ್ನೇ ಕೇಳುತ್ತೇವೆ.