ಗಂಟಲ ನೋವೂ ನಾಡಿಯ ಗತಿಯೂ

ನಾನು ವೈದ್ಯನಲ್ಲ, ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ವ್ಯಾಕರಣ ಹೇಳುವ ಪಂಡಿತನಿಗೆ ಹೃದ್ರೋಗದ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣವುಂಟು, ಅದನ್ನು ಮೊದಲೇ ಹೇಳಿಬಿಡುವುದು ಲೇಸು.

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳಿದ್ದಳು. ಗಂಟಲು ನೋವು, ಜ್ವರ ಎಂದು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಗುಣವಾಗಿ ಬಂದ ಮೇಲೆ ಎರಡು ಮೂರು ವಾರ ಕಳೆದಿರಬಹುದು, ಕುಂಟುತ್ತ ಬಂದಳು. ಎಡ ಮೊಣಕಾಲು ಊದಿತ್ತು. ಎರಡು ದಿನಕ್ಕೆ ಅದು ಇಳಿದು, ಬಲಗಾಲ ಹರಡು ಹಿಡಿಯಿತು. ಆಮೇಲೆ ಮಣಿಕಟ್ಟು. ಉಕ್ತಲೇಖನ ಬರೆಯಲಾರೆ ಎಂದಳು. ನಾನು, "ನಿನ್ನೆ ಕಾಲು, ಇಂದು ಕೈ, ನಾಳೆ ಎಲ್ಲಿಗಮ್ಮ ನಿನ್ನ ನೋವಿನ ಸವಾರಿ?" ಎಂದೆ. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು, ಪಾಪ.

ಮನೆಯವರು ನೀರಿನ ದೋಷವೆಂದರು. ನಮ್ಮ ಸೀಮೆಯಲ್ಲಿ ಹಾಗೆನ್ನುವುದು ಸಹಜ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ ಹಲ್ಲು ಕಂದುವುದನ್ನೂ ಹಿರಿಯರ ಕೀಲು ಬಿಗಿಯುವುದನ್ನೂ ಕೋಲಾರದವರು ಕಣ್ಣಾರೆ ಕಂಡಿದ್ದೇವೆ. ಆದರೆ ಆ ನೋವು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಏರುವಂಥದು. ಜ್ವರದೊಡನೆ ಬಂದು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವಂಥದಲ್ಲ. ಈ ಭೇದ ಆಗ ನಮಗಾರಿಗೂ ತಿಳಿಯಲಿಲ್ಲ. ಒಂದು ತಿಂಗಳಲ್ಲಿ ನೋವು ತಾನಾಗಿಯೇ ಹೋಯಿತು. ಈ ಕಾಯಿಲೆಯ ಮೋಸವಿರುವುದು ಅಲ್ಲಿಯೇ. ಕೀಲಿನಲ್ಲಿ ಅದು ಗುರುತನ್ನೂ ಉಳಿಸದೆ ಹೋಗುತ್ತದೆ, ಹೃದಯದಲ್ಲಿ ಹಾಗಲ್ಲ.

ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ಅಣುಜೀವಿ ಗಂಟಲಿಗೆ ತಗುಲುತ್ತದೆ. ಅದನ್ನು ಹೊಡೆದೋಡಿಸಲು ದೇಹ ಸೈನ್ಯ ಕಟ್ಟುತ್ತದೆ. ಆ ಜೀವಿಯ ಮೈಯ ಕೆಲವು ಅಂಶಗಳಿಗೂ ನಮ್ಮ ಹೃದಯದ ಅಂಗಾಂಶಕ್ಕೂ ಹೋಲಿಕೆಯಿರುವುದರಿಂದ, ಕೆಲವು ಮಕ್ಕಳಲ್ಲಿ ಆ ಸೈನ್ಯ ಶತ್ರುವೆಂದು ಭ್ರಮಿಸಿ ಮನೆಯವರ ಮೇಲೆಯೇ ಬೀಳುತ್ತದೆ. ಹೀಗೆ ಉಂಟಾಗುವುದೇ ಉರಿಯೂತ. ಪದ ಎಷ್ಟು ಸೊಗಸಾಗಿದೆ ನೋಡಿ: ಉರಿ, ಊತ ಎರಡೂ ಕೂಡಿ ನಡುವೆ ಯಕಾರ ಆಗಮವಾಗಿದೆ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡು ಈ ಒಂದೇ ಮಾತಿನಲ್ಲಿ ಅಡಗಿವೆ. ಮೊಣಕಾಲಿನ ಉರಿಯೂತ ಕಣ್ಣಿಗೆ ಕಾಣುತ್ತದೆ. ಎದೆಯೊಳಗಿನದು ಕಾಣುವುದಿಲ್ಲ.

ಹೃದಯದ ಎಡಭಾಗದ ಮೇಲುಕೋಣೆಗೂ ಕೆಳಕೋಣೆಗೂ ನಡುವೆ ಎರಡು ಎಸಳಿನ ಕವಾಟವೊಂದಿದೆ. ಉರಿಯೂತ ಆರುವಾಗ ಅದರ ಎಸಳುಗಳು ಕಲೆಗಟ್ಟಿ ದಪ್ಪವಾಗುತ್ತವೆ. ವರ್ಷಗಳು ಕಳೆದಂತೆ ಅಂಚುಗಳು ಒಂದಕ್ಕೊಂದು ಅಂಟುತ್ತವೆ. ಕೆರೆಯ ತೂಬು ಅರ್ಧ ಮುಚ್ಚಿಹೋದರೆ ಹಿಂದಣ ನೀರು ಏರಿಗೆ ಒತ್ತುವುದಿಲ್ಲವೇ? ಹಾಗೆಯೇ ಮೇಲುಕೋಣೆಯಲ್ಲಿ ರಕ್ತ ನಿಂತು ಅದರ ಗೋಡೆ ಹಿಗ್ಗುತ್ತದೆ. ಇಷ್ಟೇ ಅಲ್ಲ. ಈ ಜ್ವರದ ಹೃದಯದ ಸ್ನಾಯುವಿನೊಳಗೇ ಉರಿಯೂತದ ಸಣ್ಣ ಗಂಟುಗಳಿರುವುದನ್ನು ಜರ್ಮನಿಯ ಆಷಾಫ್ ಎಂಬ ವೈದ್ಯನು ೧೯೦೪ರಲ್ಲಿಯೇ ವರ್ಣಿಸಿದನು. ಮಿಡಿತವನ್ನು ಹೊರಡಿಸುವ ಪುಟ್ಟ ನೆಲೆಯೂ ಇರುವುದು ಮೇಲುಕೋಣೆಯಲ್ಲೇ, ಬಲಗಡೆಯಲ್ಲಿ. ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು ಅದನ್ನು ಕಂಡುಹಿಡಿದುದು ೧೯೦೭ರಲ್ಲಿ. ಅಲ್ಲಿಂದ ಹೊರಟ ಅಲೆ ಹಿಗ್ಗಿದ, ಕಲೆಗಟ್ಟಿದ ಗೋಡೆಯಲ್ಲಿ ನೆಟ್ಟಗೆ ಸಾಗಲಾರದೆ ಒಡೆದು, ಸುತ್ತಿ, ನಿಮಿಷಕ್ಕೆ ೩೫೦ಕ್ಕೂ ಮೀರಿ ಅಲ್ಲಲ್ಲೇ ಅದುರತೊಡಗುತ್ತದೆ. ಮೇಲುಕೋಣೆ ಹಿಂಡುವುದನ್ನು ಬಿಟ್ಟು ಬರಿದೆ ನಡುಗುತ್ತದೆ. ಇದನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃತ್ಕಂಪವೆಂದು ಕರೆಯೋಣ.

ಆಗ ನಾಡಿ ಹೇಗಿರುತ್ತದೆ? ಆರೋಗ್ಯವಂತನ ನಾಡಿ ರಗಳೆಯ ಮಾತ್ರಾಗಣಗಳಂತೆ ಸಮನಾಗಿ ಸಾಗುತ್ತದೆ. ನಡುವೆ ಎಲ್ಲೋ ಒಂದು ಬಡಿತ ತಪ್ಪಿದರೆ ಅದು ಯತಿಭಂಗವಿದ್ದಂತೆ. ಪದ್ಯವೇನೂ ಕೆಡುವುದಿಲ್ಲ, ಮುಂದಿನ ಪಾದದಲ್ಲಿ ಸರಿಹೋಗುತ್ತದೆ. ಹೃತ್ಕಂಪದಲ್ಲಿ ಛಂದಸ್ಸೇ ಇಲ್ಲ. ಒಂದು ಬೇಗ, ಒಂದು ತಡ, ಒಂದು ಬಲವಾಗಿ, ಒಂದು ಕೈಗೇ ಸಿಗದಂತೆ. ಗಡಿಯಾರ ಮುಂದಿಟ್ಟುಕೊಂಡು ಮಣಿಕಟ್ಟನ್ನು ಪೂರ್ತಿ ಒಂದು ನಿಮಿಷ ಹಿಡಿದರೆ ಗೃಹಿಣಿಯರೂ ಇದನ್ನು ಗುರುತಿಸಬಲ್ಲರು. ನಿಶ್ಚಯಿಸುವುದಕ್ಕೆ ಇ.ಸಿ.ಜಿ. ಬೇಕು.

ನಮ್ಮ ಹುಡುಗಿಯ ಮಾತಿಗೆ ಬರೋಣ. ಓದು ಮುಗಿಸಿದಳು, ಮದುವೆಯಾಯಿತು. ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವಾಗ ಏದುಸಿರು ಬರುತ್ತಿತ್ತಂತೆ, ನಿಶ್ಶಕ್ತಿ ಎಂದುಕೊಂಡಳು. ಮೂವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಮುದ್ದೆ ತೊಳಸುತ್ತಿದ್ದಾಗ ಬಲಗೈ ಸತ್ತಂತಾಗಿ ಮಾತು ತೊದಲಿತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿತ್ತು. ದೊಡ್ಡ ಚೂರಾಗಿದ್ದರೆ ಕೈ ಹೋಗುತ್ತಿತ್ತು, ಮಾತೂ ಹೋಗುತ್ತಿತ್ತು. ಕೋಲಾರದಲ್ಲಿ ಇ.ಸಿ.ಜಿ. ತೆಗೆದವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕಳುಹಿಸಿದರು. ಕೆಲವು ತಿಂಗಳು ಔಷಧ ಕೊಟ್ಟು ಹೆಪ್ಪು ಕರಗಿದ ಬಳಿಕ, ತೊಡೆಯ ರಕ್ತನಾಳದ ಮೂಲಕ ಬಲೂನು ಹೊಗಿಸಿ ಅಂಟಿದ ಕವಾಟವನ್ನು ಬಿಡಿಸಿದರು. ಜಪಾನಿನ ಇನೌಯೆ ಎಂಬ ಶಸ್ತ್ರವೈದ್ಯರು ೧೯೮೦ರ ದಶಕದಲ್ಲಿ ಆರಂಭಿಸಿದ ವಿಧಾನವಿದು, ಎದೆ ಕೊಯ್ಯಬೇಕಾಗಿಲ್ಲ. ಉಸಿರು ಸುಗಮವಾಯಿತು. ನಾಡಿ ಮಾತ್ರ ಹಳೆಯ ಗತಿಗೆ ಮರಳಲಿಲ್ಲ.

ಆದ್ದರಿಂದ ಹೆಪ್ಪು ತಡೆಯುವ ವಾರ್ಫರಿನ್ ಜಾತಿಯ ಮಾತ್ರೆ ಅವಳಿಗೆ ನಿತ್ಯ. ಆಗಾಗ್ಗೆ ರಕ್ತಪರೀಕ್ಷೆ, ಐ.ಎನ್.ಆರ್. ಎಂಬ ಅಂಕೆ ಸಾಮಾನ್ಯವಾಗಿ ೨ಕ್ಕೂ ೩ಕ್ಕೂ ನಡುವೆ ಇರಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧಕ್ಕೆ ಎದುರಾಳಿ. ಮಸ್ಸೊಪ್ಪು ಬಸ್ಸಾರಿನ ನಾಡಿನಲ್ಲಿ ಸೊಪ್ಪು ಬಿಡು ಎಂದರೆ ಹೇಗೆ? ಬಿಡಬೇಕಾಗಿಲ್ಲ, ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಎಂದಾಗದೆ ಒಂದೇ ಅಳತೆಯಲ್ಲಿ ತಿನ್ನಬೇಕು. ರಕ್ತಪರೀಕ್ಷೆಯ ರಗಳೆಯಿಲ್ಲದ ಹೊಸ ಮಾತ್ರೆ ಬಂದಿದೆಯಲ್ಲ ಎಂದು ನೆಂಟರೊಬ್ಬರು ಉಪದೇಶಿಸಿದರಂತೆ. ಅಂಥ ಹೊಸ ಮಾತ್ರೆಯೊಂದನ್ನು, ರುಮ್ಯಾಟಿಕ್ ಹೃದ್ರೋಗದಿಂದ ಹೃತ್ಕಂಪವಾದ ೪,೫೦೦ಕ್ಕೂ ಹೆಚ್ಚು ಜನರಲ್ಲಿ ಹಳೆಯದರೊಡನೆ ಹೋಲಿಸಿ ನೋಡಿದ್ದಾರೆ. ೨೦೨೨ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹಳೆಯದೇ ಮೇಲಾಯಿತು. ಅದನ್ನು ತೆಗೆದುಕೊಂಡವರಲ್ಲಿ ಸಾವು ಕಡಿಮೆ.

ಉರಿಯೂತಕ್ಕೂ ನಾಡಿದೋಷಕ್ಕೂ ನಂಟು ಈ ಜ್ವರದಲ್ಲಿ ಮಾತ್ರವೇ? ಅಲ್ಲ. ಬೇರಾವ ಹೃದ್ರೋಗವೂ ಕಾಣದೆ ಹೃತ್ಕಂಪ ಮಾತ್ರವಿದ್ದ ಹನ್ನೆರಡು ಜನರ ಹೃದಯದ ತುಣುಕುಗಳನ್ನು ಇಟಲಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಲವರಲ್ಲಿ ಉರಿಯೂತ ಕಂಡು ೧೯೯೭ರಲ್ಲಿ ಪ್ರಕಟಿಸಿದರು. ಕೋವಿಡ್ ಕಾಲದಲ್ಲಿ ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಯ ಹೆಸರು ತಾವು ಕೇಳಿದ್ದೀರಿ. ಉರಿಯೂತವನ್ನು ಸೂಚಿಸುವ ಆ ಅಂಶ ಹೃತ್ಕಂಪವುಳ್ಳವರಲ್ಲಿ ಹೆಚ್ಚಾಗಿರುವುದನ್ನು ೨೦೦೧ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ವೈದ್ಯರು ತೋರಿಸಿದರು. ಹಾಗಾದರೆ ಉರಿಯೂತ ತಗ್ಗಿಸಿದರೆ ನಾಡಿ ನೆಟ್ಟಗಾಗಬೇಕಲ್ಲ? ಎದೆಯ ಶಸ್ತ್ರಚಿಕಿತ್ಸೆಯಾದವರಿಗೆ ಕೊಲ್ಚಿಸಿನ್ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯ ಫಲ ೨೦೨೩ರಲ್ಲಿ ಬಂತು. ನಿರೀಕ್ಷಿಸಿದಷ್ಟು ಪ್ರಯೋಜನ ಕಾಣಲಿಲ್ಲ. ಕಾರಣವಾವುದು, ಕಾರ್ಯವಾವುದು ಎಂಬ ತರ್ಕ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ರುಮ್ಯಾಟಿಕ್ ಜ್ವರದ ವಿಷಯದಲ್ಲಿ ಅಂಥ ಸಂಶಯವಿಲ್ಲ. ಗಂಟಲು ನೋವುಗಳಲ್ಲಿ ಹೆಚ್ಚಿನವು ತಾವಾಗಿ ವಾಸಿಯಾಗುವ ನೆಗಡಿಯ ಜಾತಿಯವು. ಯಾವುದಕ್ಕೆ ಪೆನಿಸಿಲಿನ್ ಬೇಕೆಂದು ವೈದ್ಯರು ನೋಡಿ ಹೇಳಬೇಕು. ಬೇಕಾದವರಿಗೆ ನೋವು ಆರಂಭವಾದ ಒಂಬತ್ತು ದಿನಗಳೊಳಗೆ ಕೊಟ್ಟರೂ ಈ ಜ್ವರವನ್ನು ತಡೆಯಬಹುದು. ಜ್ವರ ಒಮ್ಮೆ ಬಂದ ಮಗುವಿಗಾದರೆ ಮೂರು ವಾರಕ್ಕೊಮ್ಮೆ ದೀರ್ಘಕಾಲ ನಿಲ್ಲುವ ಪೆನಿಸಿಲಿನ್ ಚುಚ್ಚುಮದ್ದು. ಹೃದಯಕ್ಕೆ ತಾಗಿದ್ದರೆ ಕಡಿಮೆಯೆಂದರೂ ಹತ್ತು ವರ್ಷ. ಚುಚ್ಚಿಸಿಕೊಂಡ ಕಡೆ ಬಹಳ ನೋಯುತ್ತದೆ, ಮಗು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಮತ್ತೆ ಗಂಟಲಿಗೆ ಸೋಂಕು ಬಂದಾಗ ಹಳೆಯ ಗಾಯದ ಮೇಲೆಯೇ ಹೊಸ ಉರಿಯೂತ ಏಳುತ್ತದೆ. ಇಂಥ ಹೃದಯ ಹೊತ್ತವರು ಜಗತ್ತಿನಲ್ಲಿ ಸುಮಾರು ಐದೂವರೆ ಕೋಟಿ ಎಂದು ಅಂದಾಜು. ೨೦೧೮ರಲ್ಲಿ ವಿಶ್ವ ಆರೋಗ್ಯ ಸಭೆ ಈ ಕಾಯಿಲೆಯ ತಡೆಗಾಗಿಯೇ ನಿರ್ಣಯವೊಂದನ್ನು ಅಂಗೀಕರಿಸಿತು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗಳನ್ನು ಇದು ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತದೆ.

ಕಳೆದ ಜೂನಿನಲ್ಲಿ ಅವಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದಳು. ಹಳೆಯ ಮಾತನ್ನು ನಾನೇ ಎತ್ತಿ ತಪ್ಪಾಯಿತೆಂದೆ. ಅವಳು ಅದಕ್ಕೇನೂ ಹೇಳಲಿಲ್ಲ. "ಇವಳಿಗೆ ಗಂಟಲು ನೋವೆಂದರೆ ಅಂದೇ ಫೋನು ಮಾಡಿ, ಮೇಷ್ಟ್ರೇ" ಎಂದಳು. ಸಂಖ್ಯೆಯನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.