ಯಾವ ವಿಮಾನ ಏರುತ್ತೀರಿ?



ಇವತ್ತು ನಾನು ಒಂದು ಆಟದ ಬಗ್ಗೆ ಮಾತಾಡಬೇಕೆಂದಿದ್ದೇನೆ. ಕಬಡ್ಡಿಯಲ್ಲ, ಖೋ ಖೋ ಅಲ್ಲ. ಗಾಜಿನ ಪರದೆಯ ಮೇಲೆ ಆಡುವ ಆಟ. ಪರದೆಯ ಕೆಳಭಾಗದಲ್ಲಿ ನಿಮ್ಮದೊಂದು ಪುಟ್ಟ ವಿಮಾನ. ಮೇಲಿನಿಂದ ಶತ್ರುಗಳು ಇಳಿದು ಬರುತ್ತಾರೆ. ನೆಲ ಹಿಂದಕ್ಕೆ ಸರಿಯುತ್ತಾ ಹೋಗುವುದರಿಂದ ನಿಮ್ಮ ವಿಮಾನ ಮೇಲಕ್ಕೆ ಹಾರುತ್ತಿರುವಂತೆ ಕಾಣುತ್ತದೆ. ನೀವು ಹೊಡೆಯಬೇಕು, ತಪ್ಪಿಸಿಕೊಳ್ಳಬೇಕು, ಇಷ್ಟೇ. ಮನೆಯ ಹುಡುಗ ಮೊಬೈಲಿನ ಮೇಲೆ ಬಗ್ಗಿ ಕೂತು, ಊಟಕ್ಕೆ ಕರೆದರೆ “ಇದೊಂದು ಮುಗಿಸಿ ಬಂದೆ” ಎನ್ನುತ್ತಾನಲ್ಲ, ಅಲ್ಲಿ ಎಷ್ಟೋ ಸಲ ನಡೆಯುತ್ತಿರುವುದು ಇಂಥದೇ ಒಂದು ಆಟ. ಬೆರಳು ಚುರುಕಾಗಿದ್ದರೆ ಸಾಕು, ತಲೆಗೆ ಕೆಲಸವಿಲ್ಲ ಎಂದು ನಾವು ದೊಡ್ಡವರು ತೀರ್ಪು ಕೊಟ್ಟುಬಿಟ್ಟಿದ್ದೇವೆ. ಆ ತೀರ್ಪು ತಪ್ಪು ಎಂದು ನನ್ನ ಅಭಿಪ್ರಾಯ. ಹೇಗೆಂದು ಹೇಳುತ್ತೇನೆ, ಕೇಳಿ.

ಈ ಆಟ ಹೆಸರು ಮಾಡಿದ್ದು ಜಪಾನಿನಲ್ಲಿ. 1978ರಲ್ಲಿ ತೈತೊ ಎಂಬ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಎಂಬವರು ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟ ತಯಾರಿಸಿದರು. ನಾಣ್ಯ ಹಾಕಿ ಆಡುವ ಯಂತ್ರ. ಆಟಗಾರ ಆರಿಸಿಕೊಳ್ಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಎಲ್ಲರಿಗೂ ಒಂದೇ ತೋಪು, ಅದು ಎಡಕ್ಕೆ ಬಲಕ್ಕೆ ಮಾತ್ರ ಸರಿಯುತ್ತಿತ್ತು. ಆದರೂ ಅಲ್ಲೇ ಒಂದು ಲೆಕ್ಕದ ಗುಟ್ಟು ಅಡಗಿತ್ತು. ಪರದೆಯ ನೆತ್ತಿಯಲ್ಲಿ ಆಗಾಗ ಒಂದು ಹಾರುವ ತಟ್ಟೆ ಹಾದುಹೋಗುತ್ತದೆ. ಅದನ್ನು ಹೊಡೆದರೆ ಒಮ್ಮೆ 50 ಅಂಕ, ಒಮ್ಮೆ 100, ಒಮ್ಮೆ 300 ಸಿಗುತ್ತದೆ. ಅದೃಷ್ಟ ಎಂದು ಜನ ತಿಳಿದರು. ಅದೃಷ್ಟವಲ್ಲ. ನೀವು ಹಾರಿಸಿದ ಗುಂಡುಗಳನ್ನು ಯಂತ್ರ ಎಣಿಸುತ್ತಿತ್ತು. 23ನೆಯ ಗುಂಡು ತಟ್ಟೆಗೆ ತಗುಲಿದರೆ 300. ಅಲ್ಲಿಂದ ಮುಂದೆ ಪ್ರತಿ 15ನೆಯ ಗುಂಡಿಗೆ ಮತ್ತೆ 300. ಇದನ್ನು ಕಂಡುಹಿಡಿದವರು ಬಾಯಲ್ಲಿ ಎಣಿಸುತ್ತಾ ಆಡತೊಡಗಿದರು.

ಇನ್ನೊಂದು ಉಪಾಯಕ್ಕೆ ನಗೋಯಾ ಎಂಬ ಊರಿನ ಹೆಸರೇ ಅಂಟಿಕೊಂಡಿತು. ಶತ್ರುಗಳನ್ನು ದೂರದಲ್ಲೇ ಹೊಡೆಯದೆ ಕಟ್ಟಕಡೆಯ ಸಾಲಿನವರೆಗೂ ಇಳಿಯಲು ಬಿಡುವುದು. ಅಷ್ಟು ಹತ್ತಿರ ಬಂದ ಶತ್ರುವಿನ ಗುಂಡು ನಿಮಗೆ ತಾಗುವುದೇ ಇಲ್ಲ, ಏಕೆಂದರೆ ಅದು ಹುಟ್ಟುವ ಜಾಗ ನಿಮ್ಮ ತೋಪನ್ನು ಆಗಲೇ ದಾಟಿರುತ್ತದೆ. ಆದರೆ ಇನ್ನೊಂದು ಸಾಲು ಇಳಿದರೆ ಆಟವೇ ಮುಗಿಯಿತು. ಎಲ್ಲಕ್ಕಿಂತ ಅಪಾಯದ ಜಾಗವೇ ಎಲ್ಲಕ್ಕಿಂತ ಸುರಕ್ಷಿತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರಿಸಿಕೊಳ್ಳುವ ಪದ್ಧತಿ ನಿಧಾನವಾಗಿ ಬೆಳೆಯಿತು. 1992ರಲ್ಲಿ ವಿಡಿಯೊ ಸಿಸ್ಟಮ್ ಎಂಬ ಕಂಪನಿ ‘ಸೋನಿಕ್ ವಿಂಗ್ಸ್’ ತಂದಿತು. ಆಟ ಶುರುವಾಗುವ ಮೊದಲೇ ಪ್ರಶ್ನೆ: ಯಾವ ದೇಶ? ಅಮೆರಿಕ, ಜಪಾನ್, ಸ್ವೀಡನ್, ಬ್ರಿಟನ್. ಜಪಾನ್ ಎಂದರೆ ಒಬ್ಬ ನಿಂಜಾ ವಿಮಾನ ಹಾರಿಸುತ್ತಾನೆ. ಇಬ್ಬರು ಸೇರಿ ಆಡುವಾಗ ಎರಡನೆಯವರಿಗೆ ಬರುವವಳು ಹಾಡುಗಾರ್ತಿ ಹುಡುಗಿ. ಯುದ್ಧವಿಮಾನದಲ್ಲಿ ಹಾಡುಗಾರ್ತಿಗೆ ಏನು ಕೆಲಸ ಎಂದು ಕೇಳಬೇಡಿ, ಆಟ ಕಟ್ಟಿದವರಿಗೆ ತಮಾಷೆ ಬೇಕಿತ್ತು. 1994ರಲ್ಲಿ ಸೈಕ್ಯೊ ಕಂಪನಿಯ ‘ಗನ್‌ಬರ್ಡ್’ ಬಂತು. ಅದರಲ್ಲಿ ವಿಮಾನಗಳೇ ಇಲ್ಲ, ಹಾರುವ ಮನುಷ್ಯರು. ಪೊರಕೆ ಏರಿದ ಮಾಟಗಾತಿ ಹುಡುಗಿ ಮೇರಿಯನ್, ಜೊತೆಗೆ ಅವಳ ಮೊಲ. ಬೆನ್ನಿಗೆ ಯಂತ್ರ ಕಟ್ಟಿಕೊಂಡ ಆ್ಯಶ್. ವಾಲ್ನಸ್ ಎಂಬ ರೋಬಾಟು. ಚೀನಾದ ಯುವಾನ್ ನಾಂಗ್. ಮುದುಕ ತೆತ್ಸು. ಒಡೆದುಹೋದ ಮಾಯಾಕನ್ನಡಿಯ ಚೂರುಗಳನ್ನು ಕೂಡಿಸಿದರೆ ಒಂದು ಆಸೆ ಈಡೇರುತ್ತದೆ ಎಂಬುದು ಕಥೆ. ಯಾರನ್ನು ಆರಿಸಿಕೊಂಡಿರೋ ಅವರ ಆಸೆ ಕೊನೆಯಲ್ಲಿ ತೆರೆಯುತ್ತದೆ. ಇಬ್ಬರು ಕೂಡಿ ಆಡಿದರೆ ಆ ಜೋಡಿಗೇ ಬೇರೆ ಕೊನೆ.

ಚಿತ್ರ ನೋಡಿ, ಮುದ್ದಾಗಿದೆ ಎಂದು ಹೊಸಬರು ಆರಿಸಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಚಿತ್ರದ ಹಿಂದೆ ಮೂರು ಸಂಗತಿಗಳು ಬಚ್ಚಿಟ್ಟಿರುತ್ತವೆ. ಎಷ್ಟು ವೇಗ, ಗುಂಡು ಎಷ್ಟು ಅಗಲಕ್ಕೆ ಹರಡುತ್ತದೆ, ಒಂದೇ ಕಡೆ ಬಿದ್ದಾಗ ಎಷ್ಟು ಬಲ. ಈ ಮೂರನ್ನೂ ಯಾರಿಗೂ ಪೂರ್ತಿ ಕೊಡುವುದಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಡುವ ಎತ್ತೇ ಬೇರೆ, ಕೆಸರಲ್ಲಿ ಎಳೆಯುವ ಎತ್ತೇ ಬೇರೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಆಟಕ್ಕೆ ಬರುತ್ತೇನೆ. ಕೇವ್ ಎಂಬ ಕಂಪನಿ 1997ರಲ್ಲಿ ತಂದ ‘ದೊದೊನ್‌ಪಾಚಿ’. ಹೆಸರಿನ ಅರ್ಥ ಸಿಟ್ಟಾದ ಜೇನಿನ ನಾಯಕ ಎಂದು ಹೇಳಬಹುದು. ಸಿಟ್ಟಾದ ಜೇನು ಎಂದರೇನೆಂದು ನಿಮಗೆ ಗೊತ್ತು. ಪರದೆಯ ತುಂಬ ಗುಲಾಬಿ, ನೀಲಿ ಬಣ್ಣದ ಗುಂಡುಗಳು ಜೇನು ಎದ್ದಂತೆ ಏಳುತ್ತವೆ. ಇಂಥ ಆಟಗಳನ್ನು ಜಪಾನಿನಲ್ಲಿ ‘ದನ್ಮಾಕು’ ಎನ್ನುತ್ತಾರೆ, ಗುಂಡಿನ ಪರದೆ ಎಂದು ಅರ್ಥ. ನೋಡುವವನಿಗೆ ಇದರಲ್ಲಿ ಬದುಕಿ ಉಳಿಯುವುದು ಸಾಧ್ಯವೇ ಇಲ್ಲ ಎನಿಸುತ್ತದೆ. ಸಾಧ್ಯವಿದೆ. ಗುಂಡು ರೆಕ್ಕೆಗೆ ತಾಗಿದರೆ ನೀವು ಸಾಯುವುದಿಲ್ಲ. ವಿಮಾನದ ನಟ್ಟನಡುವೆ ಇರುವ ಒಂದು ಸಣ್ಣ ಚೌಕಕ್ಕೆ ತಾಗಿದರೆ ಮಾತ್ರ ಸಾವು. ದೊಡ್ಡದಾಗಿ ಕಾಣುವ ವಿಮಾನದಲ್ಲಿ ಪ್ರಾಣ ಇರುವುದು ಸಾಸಿವೆಯಷ್ಟು ಜಾಗದಲ್ಲಿ. ಇದು ತಿಳಿದವನು ಗುಂಡುಗಳ ಸಂದಿಯಲ್ಲಿ ನುಸುಳುತ್ತಾನೆ. ತಿಳಿಯದವನು ಮೂಲೆಗೆ ಓಡಿ ಸಿಕ್ಕಿಬೀಳುತ್ತಾನೆ.

ಆರಿಸಿಕೊಳ್ಳಲು ಇಲ್ಲಿ ಮೂರು ವಿಮಾನ. ಎ ಎಂಬುದು ವೇಗದ್ದು, ಗುಂಡು ಇಕ್ಕಟ್ಟಾಗಿ ನೇರ ಹೋಗುತ್ತದೆ. ಬಿ ಒಂದು ಹೆಲಿಕಾಪ್ಟರ್, ಅದರ ಪಕ್ಕದ ಗುಂಡುಗಳು ನೀವು ಸರಿದ ಹಾಗೆ ದಿಕ್ಕು ಬದಲಿಸುತ್ತವೆ. ಸಿ ನಿಧಾನ, ಆದರೆ ಗುಂಡು ಬೀಸಣಿಗೆಯಂತೆ ಹರಡುತ್ತದೆ. ಅದರ ಮೇಲೆ ಇನ್ನೊಂದು ಪ್ರಶ್ನೆ: ಬಿಡಿಗುಂಡಿಗೆ ಬಲ ಬೇಕೋ, ಲೇಸರಿಗೆ ಬೇಕೋ? ಬಟನ್ನನ್ನು ಮತ್ತೆ ಮತ್ತೆ ಒತ್ತಿದರೆ ಬಿಡಿಗುಂಡು. ಒತ್ತಿ ಹಿಡಿದರೆ ಲೇಸರ್ ಎಂಬ ಬೆಳಕಿನ ಕಂಬ. ಲೇಸರ್ ಹೊರಟಿದ್ದಾಗ ವಿಮಾನ ನಿಧಾನವಾಗುತ್ತದೆ, ಸಂದಿಯಲ್ಲಿ ನುಸುಳಲು ಅದೇ ಅನುಕೂಲ. ಹೀಗೆ ಮೂರು ಎರಡಲ ಆರು ಆಯ್ಕೆಗಳು.

ಹೊಸಬರು ಸಿ ವಿಮಾನಕ್ಕೆ ಆಸೆಪಡುತ್ತಾರೆ. ಅಗಲವಾಗಿ ಹೊಡೆದರೆ ಎಲ್ಲವೂ ಸಾಯುತ್ತವೆ, ಓಡಾಡುವ ಕಷ್ಟವಿಲ್ಲ. ಬದುಕುವುದಕ್ಕೆ ಸರಿ. ಅಂಕಕ್ಕೆ? ಅದಕ್ಕೆ ಲೆಕ್ಕ ನೋಡಬೇಕು.

ಈ ಆಟದಲ್ಲಿ ಅಂಕ ಸರಪಳಿಯಲ್ಲಿ ಬರುತ್ತದೆ. ಒಂದು ಶತ್ರುವನ್ನು ಕೊಂದ ಕೂಡಲೇ ಒಂದು ಸಣ್ಣ ಪಟ್ಟಿ ಕರಗತೊಡಗುತ್ತದೆ. ಅದು ಪೂರ್ತಿ ಕರಗುವ ಮೊದಲು ಇನ್ನೊಂದನ್ನು ಕೊಂದರೆ ಸರಪಳಿ ಮುಂದುವರಿಯುತ್ತದೆ. ಪ್ರತಿ ಹೊಸ ಶತ್ರುವಿನ ಬೆಲೆ ಹಿಂದಿನವುಗಳ ಬೆಲೆಗೆ ಕೂಡಿ, ಆ ಮೊತ್ತ ನಿಮಗೆ ಸಿಗುತ್ತದೆ. ಸುಲಭಕ್ಕೆ ಒಂದೊಂದು ಶತ್ರುವಿಗೆ 100 ಅಂಕ ಎಂದಿಟ್ಟುಕೊಳ್ಳೋಣ. ಬಿಡಿಬಿಡಿಯಾಗಿ 100 ಶತ್ರುಗಳನ್ನು ಕೊಂದರೆ 10,000. ಸರಪಳಿ ಮುರಿಯದೆ ಕೊಂದರೆ ಮೊದಲನೆಯದಕ್ಕೆ 100, ಎರಡನೆಯದಕ್ಕೆ 200, ಮೂರನೆಯದಕ್ಕೆ 300, ಹೀಗೆ ನೂರನೆಯದಕ್ಕೆ 10,000. ಎಲ್ಲ ಕೂಡಿಸಿದರೆ 5,05,000. ಐವತ್ತು ಪಟ್ಟು! ಇನ್ನು, ಐವತ್ತರ ಬಳಿ ಸರಪಳಿ ಒಮ್ಮೆ ಕಡಿದು ಮತ್ತೆ ಒಂದರಿಂದ ಶುರುವಾಯಿತು ಎನ್ನಿ. ಆಗ ಒಟ್ಟು 2,55,000. ಕೊಂದದ್ದು ಅಷ್ಟೇ ಶತ್ರುಗಳು. ಅರೆಗಳಿಗೆ ಮೈಮರೆತದ್ದಕ್ಕೆ ಹತ್ತಿರಹತ್ತಿರ ಅರ್ಧ ಗಂಟು ಹೋಯಿತು. ಬಡ್ಡಿಯ ವ್ಯವಹಾರ ಕಂಡವರಿಗೆ ಈ ಲೆಕ್ಕದ ರುಚಿ ಗೊತ್ತು.

ಈಗ ಸಿ ವಿಮಾನದ ತೊಡಕು ನಿಮಗೇ ಹೊಳೆದಿರಬೇಕು. ಬೀಸಣಿಗೆಯಂತೆ ಹೊಡೆದು ಕಂಡದ್ದನ್ನೆಲ್ಲ ಒಮ್ಮೆಗೇ ಮುಗಿಸಿದಿರಿ. ಪರದೆ ಖಾಲಿ. ಮುಂದಿನ ಗುಂಪು ಬರುವಷ್ಟರಲ್ಲಿ ಪಟ್ಟಿ ಕರಗಿಹೋಯಿತು. ಅಂಕ ಬೇಕಾದವನು ಕೊಲ್ಲಲು ಎಷ್ಟು ಕಲಿಯಬೇಕೋ ಕೊಲ್ಲದೆ ಬಿಡಲು ಅಷ್ಟೇ ಕಲಿಯಬೇಕು. ಎಡಮೂಲೆಯ ಪುಟ್ಟ ಟ್ಯಾಂಕನ್ನು ಬೇಕೆಂತಲೇ ಬಿಟ್ಟಿರುತ್ತಾನೆ. ಅದು ಗುಂಡು ಹಾರಿಸುತ್ತಲೇ ಇರುತ್ತದೆ, ಹಾರಿಸಲಿ. ಬಲಗಡೆಯ ಗುಂಪು ಮುಗಿದು ಪಟ್ಟಿ ಕೊನೆಯುಸಿರು ಎಳೆಯುವಾಗ ಎಡಕ್ಕೆ ಹಾರಿ ಅದನ್ನು ಹೊಡೆಯುತ್ತಾನೆ. ನಿಮ್ಮ ಕಡೆ ಚೆನ್ನೆಮಣೆ ಎನ್ನಿ, ಅಳಗುಳಿಮಣೆ ಎನ್ನಿ, ಅದನ್ನು ಆಡಿದ ಅಜ್ಜಿಯಂದಿರಿಗೆ ಈ ಬುದ್ಧಿ ಹೊಸದಲ್ಲ. ಯಾವ ಮನೆಯ ಕಾಯಿ ಈಗ ಎತ್ತಬೇಕು, ಯಾವುದನ್ನು ಬೆಳೆಯಲು ಬಿಡಬೇಕು ಎಂಬುದೇ ಅಲ್ಲವೇ ಆ ಆಟ? ವ್ಯತ್ಯಾಸ ಇಷ್ಟೇ, ಚೆನ್ನೆಮಣೆಯ ಕಾಯಿ ತಿರುಗಿ ಗುಂಡು ಹಾರಿಸುವುದಿಲ್ಲ.

ಶತ್ರು ಸಿಗದೆ ಇರುವ ಬಯಲು ಜಾಗಗಳಲ್ಲಿ ಲೇಸರ್ ಕೈ ಹಿಡಿಯುತ್ತದೆ. ದೊಡ್ಡ ಶತ್ರುವಿನ ಮೇಲೆ ಲೇಸರ್ ಬೀಳುತ್ತಿರುವಷ್ಟು ಹೊತ್ತೂ ಸರಪಳಿ ಜೀವ ಹಿಡಿದಿರುತ್ತದೆ. ಹಾಗಾಗಿ ದೊಡ್ಡದನ್ನು ಬೇಗ ಕೊಲ್ಲಬಾರದು, ಸೇತುವೆ ಮಾಡಿಕೊಳ್ಳಬೇಕು. ನೆಲದಲ್ಲಿ ಅಡಗಿದ ಜೇನಿನ ಪದಕಗಳೂ ಲೇಸರಿಗೇ ಕಾಣಿಸಿಕೊಳ್ಳುವುದು. ಘಟ್ಟಕ್ಕೆ 13, ಸಾಯದೆ ಎಲ್ಲವನ್ನೂ ಹೆಕ್ಕಿದರೆ ದೊಡ್ಡ ಬಹುಮಾನ. ಅಂಕದ ಆಸೆಯಿಂದ ಆಡುವವನು ವಿಮಾನ ಆರಿಸುವಾಗ ಇದನ್ನೆಲ್ಲ ತೂಗಬೇಕು. ವೇಗ ಇದ್ದರೆ ಬಿಟ್ಟು ಬಂದ ಶತ್ರುವಿನ ಹತ್ತಿರ ಸಮಯಕ್ಕೆ ತಲುಪಬಹುದು. ಅಗಲ ಇದ್ದರೆ ತಲುಪುವ ಅಗತ್ಯವಿಲ್ಲ, ಆದರೆ ಬೇಡವಾದದ್ದೂ ಸತ್ತುಹೋಗುತ್ತದೆ.

ಇನ್ನು ಬಾಂಬು. ಪ್ರಾಣಕ್ಕೆ ಬಂದಾಗ ಒತ್ತಿದರೆ ಸುತ್ತಲಿನ ಅಪಾಯ ಬಯಲಾಗುತ್ತದೆ. ಆದರೆ ಬಾಂಬಿನ ಉಗ್ರಾಣ ತುಂಬಿದ್ದು, ಮೇಲೊಂದು ಬಾಂಬು ಸಿಕ್ಕಿದರೆ, ಪರದೆಯಲ್ಲಿ ‘ಮ್ಯಾಕ್ಸಿಮಮ್’ ಎಂದು ಬರುತ್ತದೆ. ಅಲ್ಲಿಂದ ಒತ್ತದೆ, ಸಾಯದೆ ಇರುವಷ್ಟು ಹೊತ್ತು ಅಂಕ ಸೇರುತ್ತಾ ಹೋಗುತ್ತದೆ. ಒತ್ತಿದಿರೋ, ಆ ಆದಾಯ ನಿಂತಿತು. ಇನ್ನೂರು ಮುನ್ನೂರರ ಸರಪಳಿ ಕಟ್ಟಿಕೊಂಡು ಬಂದಿದ್ದೀರಿ, ಗುಂಡು ಮೈಮೇಲೆ ಬರುತ್ತಿದೆ, ಹೆಬ್ಬೆರಳು ಬಾಂಬಿನ ಬಟನ್ನಿನ ಮೇಲಿದೆ. ಒತ್ತುತ್ತೀರೋ, ನುಸುಳುತ್ತೀರೋ? ಯೋಚಿಸಲು ಒಂದು ಸೆಕೆಂಡೂ ಇಲ್ಲ. ಕೂಡಿಸಿಟ್ಟ ಬಾಂಬನ್ನು ಒತ್ತದೆಯೇ ಸತ್ತವರು ಇಂಥ ಯಂತ್ರದ ಮುಂದೆ ಎಷ್ಟು ಜನವೋ! ಹಗೇವಿನಲ್ಲಿ ಜೋಳ ಇಟ್ಟುಕೊಂಡು ಉಪವಾಸ ಬಿದ್ದ ಹಾಗೆ.

ಇದೇ ಕಂಪನಿ 2002ರಲ್ಲಿ ತಂದ ‘ದಾಯ್‌ಒಜೋ’ ಎಂಬ ಮುಂದಿನ ಆಟದಲ್ಲಿ ಈ ಸಂದಿಗ್ಧವನ್ನೇ ಪಾತ್ರಗಳನ್ನಾಗಿ ಮಾಡಿಬಿಟ್ಟರು. ವಿಮಾನದ ಜೊತೆಗೆ ಒಂದು ಬೊಂಬೆಯನ್ನು ಆರಿಸಬೇಕು. ಶೋಟಿಯಾ ಎಂಬವಳು ಬಿಡಿಗುಂಡಿಗೆ ಬಲ ಕೊಡುತ್ತಾಳೆ, ಬಾಂಬುಗಳೂ ಹೆಚ್ಚು. ಲೇನ್ಯಾನ್ ಲೇಸರಿನವಳು, ಬಾಂಬು ಕಡಿಮೆ. ಎಕ್ಸಿ ಎರಡಕ್ಕೂ ಬಲ ಕೊಡುತ್ತಾಳೆ, ಬಾಂಬು ಎಲ್ಲರಿಗಿಂತ ಕಡಿಮೆ. ಹೊಸಬರು ಶೋಟಿಯಾಳ ಬೆನ್ನು ಬಿಡಬಾರದು ಎಂದು ನನ್ನ ಸಲಹೆ. ಎಕ್ಸಿಯ ಬಲ ನೋಡಿ ಮರುಳಾಗಿ ಹೋದವರು ಮೊದಲ ಘಟ್ಟದಲ್ಲೇ ನಾಣ್ಯ ಕಳೆದುಕೊಳ್ಳುತ್ತಾರೆ.

ನಾಣ್ಯ ಎಂದಾಗ ನೆನಪಾಯಿತು. ಸತ್ತ ಮೇಲೆ ಇನ್ನೊಂದು ನಾಣ್ಯ ಹಾಕಿ ಅಲ್ಲಿಂದಲೇ ಮುಂದುವರಿಯಬಹುದು. ಆದರೆ ಇಂಥ ಬಹಳಷ್ಟು ಆಟಗಳಲ್ಲಿ ಆಗ ಅಂಕ ಸೊನ್ನೆಗೆ ಇಳಿಯುತ್ತದೆ, ಎಷ್ಟು ಸಲ ಮುಂದುವರಿಸಿದಿರಿ ಎಂಬುದನ್ನು ಮೊತ್ತದ ಕೊನೆಯ ಅಂಕೆ ತೋರಿಸುತ್ತದೆ. ಕೊನೆಯಲ್ಲಿ ಸೊನ್ನೆ ಇದ್ದರೆ ಒಂದೇ ನಾಣ್ಯದ ಆಟ, ಮೂರು ಇದ್ದರೆ ಮೂರು ಸಲ ಎದ್ದು ಬಂದವನು. ದುಡ್ಡಿನಿಂದ ಕೊನೆಯವರೆಗೆ ಹೋಗಬಹುದು, ಮೊತ್ತವನ್ನು ಮಾತ್ರ ಕೊಳ್ಳಲಾಗದು.

ಆಟ ಮುಗಿದಾಗ ಯಂತ್ರ ಹೆಸರು ಕೇಳುತ್ತದೆ. ಅನೇಕ ಯಂತ್ರಗಳಲ್ಲಿ ಮೂರೇ ರೋಮನ್ ಅಕ್ಷರಗಳಿಗೆ ಜಾಗ. ಒಂದು ಭಾಷೆಯಲ್ಲಿ ಹೆಸರಿಟ್ಟುಕೊಂಡು ಇನ್ನೊಂದು ಲಿಪಿಯಲ್ಲಿ ಅದನ್ನು ಮೊಟಕುಮಾಡಿ ಬರೆದು ಅಭ್ಯಾಸವಿರುವ ನಮಗೆ ಇದರಲ್ಲಿ ಹೊಸತೇನಿಲ್ಲ ಬಿಡಿ. ರಾತ್ರಿ ಅಂಗಡಿ ಮುಚ್ಚಿ ಕರೆಂಟು ತೆಗೆದರೆ ಎಷ್ಟೋ ಯಂತ್ರಗಳಲ್ಲಿ ಆ ಹೆಸರೂ ಅಳಿಸಿಹೋಗುತ್ತಿತ್ತು. ಅದಕ್ಕೇ ಜಪಾನಿನ ಆಟದಂಗಡಿಗಳು ತಮ್ಮಲ್ಲಿ ದಾಖಲಾದ ದೊಡ್ಡ ಮೊತ್ತಗಳನ್ನು ‘ಗೇಮೆಸ್ಟ್’ ಎಂಬ ಪತ್ರಿಕೆಗೆ ಕಳಿಸುತ್ತಿದ್ದವು. 1986ರಲ್ಲಿ ಹುಟ್ಟಿ 1999ರಲ್ಲಿ ನಿಂತುಹೋದ ಆ ಪತ್ರಿಕೆ ಅವನ್ನು ಪಟ್ಟಿಮಾಡಿ ಅಚ್ಚು ಹಾಕುತ್ತಿತ್ತು. ಯಾವ ಅಂಗಡಿ, ಯಾರು, ಎಷ್ಟು ಎಂದು. ಹೀಗೆ ವಿಮಾನ ಆರಿಸಿಕೊಳ್ಳುವ ಆಟಗಳಿಗೆ ವಿಮಾನಕ್ಕೊಂದು ಸಾಲು ಇರುತ್ತಿತ್ತು. ಎ ಲೇಸರಿನ ಮೊತ್ತವನ್ನು ಸಿ ಬಿಡಿಗುಂಡಿನ ಮೊತ್ತದ ಜೊತೆ ಹೋಲಿಸುತ್ತಿರಲಿಲ್ಲ. ಕಷ್ಟದ ವಿಮಾನ ಹಿಡಿದು ಕಡಿಮೆ ಅಂಕ ತಂದವನಿಗೂ ಆ ವಿಮಾನದ ಸಾಲಿನಲ್ಲಿ ಮೊದಲ ಜಾಗ ಸಿಗುತ್ತಿತ್ತು.