ಮತ್ತೊಬ್ಬರ ಪೀಠದಲ್ಲಿ

ರಾಕ್ ಸಂಗೀತದ ವೇದಿಕೆಯಲ್ಲಿ ಡ್ರಮ್ ಬಾರಿಸುವವನಿಗೆ ಸಲ್ಲುವುದು ಹಿಂದಿನ ಸಾಲು. ಬೆಳಕು ಹಾಡುವವರ ಮೇಲೆ, ಬೆವರು ಇವನದು. ಇವನು ಬಿಟ್ಟುಹೋದರೆ ಇನ್ನೊಬ್ಬನನ್ನು ತಂದು ಕೂರಿಸಿದರಾಯಿತು ಎಂಬುದು ಲೋಕರೂಢಿ. ಹಾಗೆ ಎರಡೆರಡು ಸಲ ಪರರ ಪೀಠದಲ್ಲಿ ಕುಳಿತವನೊಬ್ಬ ತನ್ನ ನಾದವನ್ನು ಕಂಡುಕೊಂಡ ಬಗೆಯನ್ನು ತಮ್ಮ ಮುಂದಿಡಬಯಸುತ್ತೇನೆ. ಆತ ಇಂಗ್ಲೆಂಡಿನ ಪೀಟರ್ ಕ್ಲಾರ್ಕ್. ಸಂಗೀತಪ್ರಿಯರು ಬಲ್ಲ ಹೆಸರು ಬಡ್ಜಿ.

ಬಡ್ಜಿ ಹುಟ್ಟಿದ್ದು 1957ರಲ್ಲಿ, ಗಾಜಿನ ಕಾರ್ಖಾನೆಗಳ ಊರಾದ ಸೇಂಟ್ ಹೆಲೆನ್ಸ್‌ನಲ್ಲಿ. ಬಾಲ್ಯದಲ್ಲೇ ತಾಯಿ ತೀರಿಕೊಂಡರು. ಎಪ್ಪತ್ತರ ದಶಕದ ಕೊನೆಯಲ್ಲಿ ಪಂಕ್ ಸಂಗೀತ ಸಿಡಿದು ಅದರ ಬೆನ್ನಿಗೇ ನ್ಯೂ ವೇವ್ ಎಂಬ ಹೊಸ ಅಲೆ ಎದ್ದಾಗ ಈತ ಲಿವರ್‌ಪೂಲ್‌ನಲ್ಲಿದ್ದ. ಅಲ್ಲಿನ 'ಬಿಗ್ ಇನ್ ಜಪಾನ್' ಎಂಬ ಅಲ್ಪಾಯುಷಿ ತಂಡದಲ್ಲಿ ನುಡಿಸಿದ.

ಅನಂತರದ್ದು ಲಂಡನ್ನಿನ ಹೆಣ್ಣುಮಕ್ಕಳ ತಂಡ 'ದಿ ಸ್ಲಿಟ್ಸ್'. ಅದರ ಡ್ರಮ್ ವಾದಕಿ ಪಾಮಾಲಿವ್ ಹೊರನಡೆದಿದ್ದಳು. 1979ರಲ್ಲಿ ಬಂದ 'ಕಟ್' ಎಂಬ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ತಾಳ ಬಡ್ಜಿಯದು. ಹೊದಿಕೆಯ ಚಿತ್ರದಲ್ಲಿ ಮಾತ್ರ ಇರುವುದು ಮೂವರು ಹೆಣ್ಣುಮಕ್ಕಳು. ಜಮೈಕಾದ ರೆಗೆ ಲಯವನ್ನು ಬೆರೆಸಿಕೊಂಡ ಆ ಹಾಡುಗಳನ್ನು ಕೇಳುವಾಗ ಕಾಣದ ಆ ನಾಲ್ಕನೆಯ ಮುಖವೇ ನನಗೆ ನೆನಪಾಗುತ್ತದೆ.

ಅದೇ ವರ್ಷದ ಸೆಪ್ಟೆಂಬರ್. 'ಸೂಕ್ಸಿ ಅಂಡ್ ದಿ ಬ್ಯಾನ್‌ಶೀಸ್' ತಂಡ ಪ್ರವಾಸದಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್ ತಲುಪಿತ್ತು. ಕಛೇರಿಗೆ ಕೆಲವೇ ಗಂಟೆಗಳಿರುವಾಗ ಗಿಟಾರ್ ವಾದಕ ಜಾನ್ ಮೆಕೇ, ಡ್ರಮ್ ವಾದಕ ಕೆನ್ನಿ ಮಾರಿಸ್ ಇಬ್ಬರೂ ತಂಡ ತೊರೆದರು. ಪ್ರವಾಸ ಮುಂದುವರಿಯಲು 'ದಿ ಕ್ಯೂರ್' ತಂಡದ ರಾಬರ್ಟ್ ಸ್ಮಿತ್ ಗಿಟಾರ್ ಹಿಡಿದ; ಡ್ರಮ್‌ನ ಹಿಂದೆ ಬಡ್ಜಿ ಕುಳಿತ. ಆಪತ್ತಿಗೆಂದು ಬಂದವನು 1996ರಲ್ಲಿ ತಂಡ ವಿಸರ್ಜನೆಯಾಗುವವರೆಗೂ ಉಳಿದ.

ಮಾರಿಸ್ ಸಿಂಬಲ್‌ಗಳ ಝಣತ್ಕಾರಕ್ಕಿಂತ ಟಾಮ್‌ಟಾಮ್‌ಗಳ ಗಂಭೀರ ನಾದವನ್ನು ನೆಚ್ಚಿದ್ದವನು. ಬಡ್ಜಿ ಆ ದಾರಿಯನ್ನು ಅಳಿಸಲಿಲ್ಲ, ಬೆಳೆಸಿದ. 1981ರ 'ಜೂಜೂ' ಕೇಳಿದವರಿಗೆ ಇದು ಸ್ಪಷ್ಟ: ಅಲ್ಲಿ ಡ್ರಮ್ ಕಾಲವನ್ನು ಎಣಿಸುತ್ತ ಕೂರುವುದಿಲ್ಲ, ಹಾಡಿಗೆ ಎದುರಾಡುತ್ತದೆ. ಆ ವರ್ಷವೇ ಬಡ್ಜಿ ಮತ್ತು ಗಾಯಕಿ ಸೂಕ್ಸಿ ಸೇರಿ 'ದಿ ಕ್ರೀಚರ್ಸ್' ಎಂಬ ಜೋಡಿ ಕಟ್ಟಿದರು. ಮೊದಲ ಧ್ವನಿಮುದ್ರಿಕೆಯ ಬಂಡವಾಳವೆಲ್ಲ ಒಂದು ಕಂಠ, ತಾಳವಾದ್ಯಗಳು, ಅಷ್ಟೇ. ಹಿಂದಿನ ಸಾಲಿನವನು ಗಾಯಕಿಯ ಸರಿಸಮಕ್ಕೆ ಬಂದು ನಿಂತದ್ದು ಹೀಗೆ. ಮುಂದೆ ಈ ಜೋಡಿ 1983ರ 'ಫೀಸ್ಟ್' ಅನ್ನು ಹವಾಯಿಯಲ್ಲಿ, 1989ರ 'ಬೂಮರಾಂಗ್' ಅನ್ನು ಸ್ಪೇನಿನಲ್ಲಿ ರೂಪಿಸಿತು. 2003ರ 'ಹಾಯ್' ಮುದ್ರಿಕೆಯಲ್ಲಿ ಜಪಾನಿನ ತೈಕೊ ವಾದಕ ಲಿಯೊನಾರ್ಡ್ ಏಟೊ ಜೊತೆಗೂಡಿದ. ನಮಗೂ ಇಲ್ಲೊಂದು ನಂಟುಂಟು: ಬ್ಯಾನ್‌ಶೀಸ್‌ನ 1991ರ 'ಕಿಸ್ ದೆಮ್ ಫಾರ್ ಮಿ' ಹಾಡಿನಲ್ಲಿ ಕೇಳುವ ತಬಲಾ ತಲ್ವಿನ್ ಸಿಂಗ್ ಅವರದು. ಇನ್ನೊಂದು ತಾಳವಾದ್ಯ ಬಂದಾಗ ಬಡ್ಜಿಯ ಡ್ರಮ್ ಅದಕ್ಕೆ ಎಡೆಗೊಡುತ್ತದೆ. ತನ್ನ ಬಲವನ್ನು ಅರಿತವನಿಗೆ ಮಾತ್ರ ಸಾಧ್ಯವಾಗುವ ಸೌಜನ್ಯವದು ಎನ್ನಿಸುತ್ತದೆ.

1991ರಲ್ಲಿ ಸೂಕ್ಸಿಯನ್ನು ವರಿಸಿದ ಬಡ್ಜಿ 2007ರಲ್ಲಿ ದಾಂಪತ್ಯದಿಂದ ಬೇರ್ಪಟ್ಟ. ಡ್ರಮ್ ಕೈಬಿಡಲಿಲ್ಲ. ಒಂದು ಕಾಲಕ್ಕೆ 'ಕ್ಯೂರ್'ನಲ್ಲಿ ಡ್ರಮ್ ನುಡಿಸಿದ್ದ ಲಾಲ್ ಟಾಲ್‌ಹರ್ಸ್ಟ್ ಮತ್ತು ಜಾಕ್‌ನೈಫ್ ಲೀ ಜೊತೆ 2023ರಲ್ಲಿ 'ಲಾಸ್ ಏಂಜಲಿಸ್' ಮುದ್ರಿಕೆ ಹೊರತಂದ. 2025ರಲ್ಲಿ ಪ್ರಕಟವಾದ ಆತ್ಮಕಥೆಗೆ ಇಟ್ಟ ಹೆಸರು 'ದಿ ಆಬ್ಸೆನ್ಸ್', ಎಂದರೆ, ಇಲ್ಲದಿರುವಿಕೆ. ತಾಯಿಯಿಲ್ಲದ ಮನೆಯಲ್ಲಿ ಬೆಳೆದು, ಬಿಟ್ಟುಹೋದವರ ಪೀಠಗಳನ್ನೇರಿದವನು ಈ ಪದವನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಖಾಲಿ ಜಾಗವನ್ನು ತುಂಬುವುದು ಸುಲಭ. ಅಲ್ಲಿದ್ದವರ ನೆನಪಿಗೆ ಎರವಾಗದೆ ಅದನ್ನು ತನ್ನದಾಗಿಸಿಕೊಳ್ಳುವುದು ಒಂದು ಆಯುಷ್ಯದ ಕೆಲಸ.